ಬೆರಳು ತೋರಿಸಿದವಳು

ಜನವರಿಯ ಎರಡನೇ ಗುರುವಾರ ಮಧ್ಯಾಹ್ನ ಶಾಲೆಯಿಂದ ಬಂದ ಶರ್ಮಿಳಾ ಸೀರೆಯನ್ನೂ ಬದಲಾಯಿಸದೆ ಅಡಿಗೆಮನೆಗೆ ಹೋಗಿ ಬಂಗುಡೆ ಕೊಯ್ಯಲು ನಿಂತಳು. ಊಟದ ಬಿಡುವಿಗೆ ಆಫೀಸಿನಿಂದ ಬಂದಿದ್ದ ಗಂಡ ಪೃಥ್ವಿರಾಜ್ ಬಾಗಿಲಲ್ಲೇ ನಿಂತು ನೋಡಿದ. ಹದಿನೈದು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಬಗ್ಗೆ ಕಲಿತದ್ದು ಕಡಿಮೆಯೇ, ಆದರೆ ಇದೊಂದನ್ನು ಕಲಿತಿದ್ದ. ಶಾಲೆಯ ಸೀರೆಯಲ್ಲೇ ಮೀನು ಮುಟ್ಟಿದಳೆಂದರೆ ಏನೋ ಎಡವಟ್ಟಾಗಿದೆ.

"ಎಂಥಾಯ್ತು?"

"ಎಂಥದೂ ಇಲ್ಲ."

"ಸೀರೆಗೆ ನೆತ್ತರು ತಾಗ್ತದೆ."

"ತಾಗ್ಲಿ."

ವಿಷಯ ಹೊರಬಿದ್ದದ್ದು ಊಟಕ್ಕೆ ಕೂತಾಗ. ದೋಹಾದ ಅಲ್ ಮುಂತಜಾ ಬಡಾವಣೆಯ ಆ ಹಳೆಯ ಕಟ್ಟಡದ ಎರಡು ಕೋಣೆಯ ಮನೆಯಲ್ಲಿ ಊಟದ ಮೇಜಿಗೆ ಜಾಗವಿರಲಿಲ್ಲ. ಹಾಲಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ವರೂ ಕೂರುತ್ತಿದ್ದರು. ಗೋಡೆಯ ಬದಿಯಲ್ಲಿ ಮಡಚುವ ಮಂಚಕ್ಕೆ ಬೆನ್ನು ಕೊಟ್ಟು ಕೂತವರು ಪೃಥ್ವಿರಾಜನ ಅಪ್ಪ ಚನಿಯ. ವಯಸ್ಸು ಎಂಬತ್ತನಾಲ್ಕು. ದೋಹಾದ ಚಳಿಗಾಲ ಮೈಗೆ ಹಿತವೆಂದು ಮಗ ಡಿಸೆಂಬರಿನಲ್ಲಿ ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದ. ವೀಸಾದ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ 'ನಿವೃತ್ತ ಶಿಕ್ಷಕ' ಎಂದು ತುಂಬಿಸಿದ್ದ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಊರಿನ ಕೇರಿಯಲ್ಲಿ ಅವನ ಅಪ್ಪನನ್ನು ಚನಿಯ ಮಾಸ್ಟ್ರು ಎಂದಲ್ಲದೆ ಬೇರೆ ಹೆಸರಿನಿಂದ ಕರೆದವರಿಲ್ಲ.

"ಫೆಬ್ರವರಿ ಕೊನೆಗೆ ಶಾಲೆಗೆ ಇನ್‌ಸ್ಪೆಕ್ಷನ್ ಉಂಟಂತೆ," ಎಂದಳು ಶರ್ಮಿಳಾ. "ಬಿ.ಎಡ್ ಇಲ್ಲದವರು, ಸರ್ಕಾರದ ಅಪ್ರೂವಲ್ ಇಲ್ಲದವರು ಯಾರೂ ಟೀಚರ್ ಅಂತ ಇರುವ ಹಾಗಿಲ್ಲ."

"ಎಂಟು ವರ್ಷ ಇದ್ದದ್ದು ಹೇಗೆ ಮತ್ತೆ?"

"ಎಂಟು ವರ್ಷ ಯಾರೂ ಕೇಳ್ಲಿಲ್ಲ. ಈಗ ಕೇಳ್ತಿದ್ದಾರೆ."

"ಈಗ ಎಂಥ ಮಾಡ್ಬೇಕಂತೆ?"

ಶರ್ಮಿಳಾ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾ ಹೇಳಿದಳು. "ಬಸ್ ಆಯಾ ಅಂತ ಒಂದು ಪೇಪರಿಗೆ ಸೈನ್ ಹಾಕ್ಬೇಕು. ಕ್ಲಾಸಿಗೆ ನಾನೇ ಹೋಗುದು. ಫೋರ್ ಬಿ ನಂದೇ. ಇನ್‌ಸ್ಪೆಕ್ಷನಿಗೆ ಮಾತ್ರ ನಾನು ಜರ್ಟ್ರೂಡ್."

ಜರ್ಟ್ರೂಡ್ ಉಡುಪಿ ಕಡೆಯವಳು. ಬಿ.ಎಡ್ ಮಾಡಿದ್ದಳು, ಸರ್ಕಾರದ ಒಪ್ಪಿಗೆಯ ಪತ್ರವೂ ಇತ್ತು. ಎರಡು ವರ್ಷದ ಹಿಂದೆ ಗಂಡನ ಜೊತೆ ಕೆನಡಾಕ್ಕೆ ಹೋದಳು. ಅವಳ ಪತ್ರವನ್ನು ಆಡಳಿತದವರು ಜೋಪಾನವಾಗಿ ಫೈಲಿನಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ಫೋಟೊ ಇರಲಿಲ್ಲ.

"ಆಯಾ?" ಪೃಥ್ವಿರಾಜನ ದನಿ ಏರಿತು. "ಬಸ್ಸಲ್ಲಿ ಮಕ್ಕಳ ವಾಂತಿ ಒರೆಸುವ ಆಯಾ? ನನ್ನ ಅಪ್ಪ ಮಾಸ್ಟ್ರು. ಮಾಸ್ಟ್ರ ಸೊಸೆ ಆಯಾ ಅಂತ ಬರ್ಕೊಡ್ಬೇಕಾ?"

"ಮೆಲ್ಲ ಮಾತಾಡಿ. ಕೆಳಗಿನ ಮನೆಗೆ ಕೇಳ್ತದೆ."

"ಕೇಳ್ಲಿ! ಬಿಟ್ಟುಬಿಡು ಆ ಶಾಲೆ."

"ಬಿಡ್ತೇನೆ. ಅಶ್ವಿತಾನ ಸೀಟು?"

ಪೃಥ್ವಿರಾಜ್ ತಟ್ಟೆಯ ಅನ್ನ ಕಲಸತೊಡಗಿದ. ಮಗಳು ಅಶ್ವಿತಾ ಅದೇ ಶಾಲೆಯಲ್ಲಿ ಎಂಟನೇ ತರಗತಿ, ಅಲ್ಲೇ ಕೆಲಸ ಮಾಡುವವರ ಮಗಳೆಂಬ ಲೆಕ್ಕದಲ್ಲಿ ಸಿಕ್ಕಿದ ಸೀಟು. ಅಮ್ಮ ಹೊರಗೆ ಬಿದ್ದರೆ ಏಪ್ರಿಲಿನಲ್ಲಿ ಮಗಳೂ ಹೊರಗೆ. ದೋಹಾದಲ್ಲಿ ಆಗ ಭಾರತೀಯ ಶಾಲೆಗಳ ಬಾಗಿಲಲ್ಲಿ ಅಪ್ಪಂದಿರು ಅರ್ಜಿ ಹಿಡಿದು ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿದ್ದರು, ಆದರೂ ಸಿಗುತ್ತಿರಲಿಲ್ಲ. ಸೀಟಿಲ್ಲದಿದ್ದರೆ ತಾಯಿ ಮಗಳು ಊರಿಗೆ, ಪೃಥ್ವಿರಾಜ್ ಆರು ಜನರ ಬ್ಯಾಚುಲರ್ ರೂಮಿಗೆ. ಪಕ್ಕದ ಎರಡು ಮನೆಗಳು ಆ ವರ್ಷ ಹಾಗೆಯೇ ಒಡೆದಿದ್ದವು. ಖಾಲಿ ಮಾಡಿದವರ ಫ್ರಿಜ್ಜು ಇನ್ನೂ ಮೆಟ್ಟಿಲ ಕೆಳಗೆ ಬಿದ್ದಿತ್ತು.

"ನನ್ನ ಹೆಸರು ಎತ್ಬೇಡಿ," ಎಂದಳು ಅಶ್ವಿತಾ. "ಐ ಡೋಂಟ್ ವಾಂಟ್ ದಟ್ ಸೀಟ್. ಇದು ಚೀಟಿಂಗ್."

"ನೀನು ಅನ್ನ ಉಣ್ಣು," ಎಂದರು ಅಪ್ಪ ಅಮ್ಮ ಒಟ್ಟಿಗೇ. ಆ ದಿನ ಅವರಿಬ್ಬರು ಒಪ್ಪಿದ ಮಾತು ಅದೊಂದೇ.

ಚನಿಯ ತಟ್ಟೆಯಲ್ಲಿ ಅರ್ಧ ಮೀನು ಉಳಿಸಿ ನೀರು ಕುಡಿದು ಎದ್ದರು. ಬಂಗುಡೆಯ ತಲೆಯನ್ನೂ ಬಿಡದೆ ಚೀಪುವ ಮನುಷ್ಯ ಅವರು.

ಮರುದಿನ ಶುಕ್ರವಾರ. ಪೃಥ್ವಿರಾಜ್ ಸಿಟ್ಟಿನಲ್ಲಿ ಬೆಳಿಗ್ಗೆಯೇ ಕಾರು ತೊಳೆಯಲು ಇಳಿದಿದ್ದ. ತೊಳೆದ ಕಾರಿಗೆ ಹತ್ತು ನಿಮಿಷದಲ್ಲಿ ಮತ್ತೆ ಧೂಳು ಕೂರುವ ಊರಿನಲ್ಲಿ ಅದೂ ಒಂದು ಕೆಲಸ. ಶರ್ಮಿಳಾ ಅಲಸಂಡೆಯ ಕಟ್ಟು ಬಿಚ್ಚಿ ನೆಲದ ಮೇಲೆ ಕೂತಳು. ಚನಿಯ ಕೇಳದೆಯೇ ಎದುರು ಬಂದು ಕೂತು ಒಂದೊಂದನ್ನೇ ಮುರಿಯತೊಡಗಿದರು.

"ಸೈನ್ ಹಾಕ್ತೀಯಾ ಮಗಾ?"

"ಹಾಕದೆ ಎಂಥ ಮಾಡುದು ಮಾವ? ಬಿ.ಎಡ್ ಮಾಡ್ಲಿಕ್ಕೆ ಊರಿಗೆ ಹೋಗಿ ಕೂತ್ರೆ ಇಲ್ಲಿ ಮನೆ ಯಾರು ನೋಡುದು? ನಿಮಗೆ ಬೇಜಾರಾಗ್ತದೆ ಅಂತ ನಂಗೆ ಗೊತ್ತುಂಟು. ಮಾಸ್ಟ್ರು ನೀವು."

"ನಾನು ಮಾಸ್ಟ್ರಲ್ಲ."

ಶರ್ಮಿಳಾ ತಲೆ ಎತ್ತಿದಳು.

"ಕಾಗದದಲ್ಲಿ ನಾನು ಕಸ ಗುಡಿಸುವವ," ಎಂದರು ಚನಿಯ. "ಪೃಥ್ವಿಗೆ ಗೊತ್ತಿಲ್ಲ. ಅವನಿಗೆ ಹೇಳ್ಬೇಡ."

ಅಲಸಂಡೆ ಮುಗಿಯುವಷ್ಟರಲ್ಲಿ ಅವರು ಹೇಳಿದ್ದು ಇಷ್ಟು. ಆಗ ಬ್ರಿಟಿಷ್ ಸರ್ಕಾರ. ಮುಟ್ಟಬಾರದವರ ಮಕ್ಕಳಿಗೆಂದು ಅಲ್ಲಲ್ಲಿ ಪಂಚಮ ಶಾಲೆಗಳಿದ್ದವು. ಅವರ ಕೇರಿಯ ಶಾಲೆ ಮುಳಿಹುಲ್ಲು ಹೊದಿಸಿದ ಒಂದು ಮಾಡು. ಊರಿನ ಒಬ್ಬ ಧನಿ ಅದರ ಮ್ಯಾನೇಜರು. ಮದರಾಸಿನಿಂದ ಗ್ರಾಂಟು ಬರಬೇಕಾದರೆ ಟ್ರೈನಿಂಗ್ ಆದ ಒಬ್ಬ ಮಾಸ್ಟ್ರು ಬೇಕು, ಇಪ್ಪತ್ತೈದು ಮಕ್ಕಳು ಬೇಕು. ಮಕ್ಕಳು ಸಿಕ್ಕರು. ಟ್ರೈನಿಂಗ್ ಆದ ಮಾಸ್ಟ್ರು ಅಣ್ಣಪ್ಪಯ್ಯನೂ ಸಿಕ್ಕಿದ, ಆದರೆ ಅವನು ಕೇರಿಯೊಳಗೆ ಕಾಲಿಡುವ ಜಾತಿಯವನಲ್ಲ. ತಿಂಗಳಿಗೊಮ್ಮೆ ಬಂದು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಹಾಜರಿ ಪುಸ್ತಕ ತರಿಸಿಕೊಂಡು ಸೈನು ಹಾಕಿ ಹೋಗುತ್ತಿದ್ದ. ಮಿಶನ್ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದ್ದ ಚನಿಯನನ್ನು ಧನಿ ಕರೆದು, ಪಾಠ ನೀನು ಮಾಡು, ಕಾಗದದಲ್ಲಿ ಗುಡಿಸುವವ ಎಂದು ಇರಲಿ ಎಂದ.

"ನಾಲ್ಕು ವರ್ಷ ಮಾಡಿದೆ. ಗುಡಿಸಿದ್ದೂ ನಾನೇ, ಕಲಿಸಿದ್ದೂ ನಾನೇ."

"ಆಮೇಲೆ ಎಂಥಾಯ್ತು ಮಾವ?"

"ಇನ್‌ಸ್ಪೆಕ್ಟರು ಬಂದ. ಒಬ್ಬಳ ಬಾಯಿಯಿಂದ ಎಲ್ಲ ಹಾಳಾಯ್ತು. ಶಾಲೆ ಮುಚ್ಚಿತು. ನಾನು ಹಂಚಿನ ಕಾರ್ಖಾನೆಗೆ ಹೋದೆ." ಅವರು ಬುಟ್ಟಿ ಅವಳತ್ತ ತಳ್ಳಿದರು. "ಸೈನು ಹಾಕು. ಆದ್ರೆ ಮಕ್ಕಳನ್ನು ಸರಿಯಾಗಿ ತಯಾರು ಮಾಡು. ಪಾಠ ಮಾಡುವ ಜಾಗ ಕೈಬಿಟ್ಟು ಹೋದ್ರೆ ಮತ್ತೆ ಸಿಗ್ಲಿಕ್ಕಿಲ್ಲ."

ಶರ್ಮಿಳಾಗೆ ಮಾವನ ಕಾಲು ಹಿಡಿದು ಅಳಬೇಕೆನ್ನಿಸಿತು. ಅಷ್ಟರಲ್ಲಿ ಪೃಥ್ವಿರಾಜ್ ಒದ್ದೆ ಪ್ಯಾಂಟಿನಲ್ಲಿ ಮೇಲೆ ಬಂದು, ತಿಂಡಿಗೆ ಎಂಥ ಉಂಟು ಎಂದು ಕೇಳಿದ.

ಭಾನುವಾರ ಅವಳು ಸೈನು ಹಾಕಿದಳು. ಕಾಗದ ಮುಂದಿಟ್ಟವಳು ಶಾಲೆಯ ಕೋಆರ್ಡಿನೇಟರ್ ಬರ್ನಡೆಟ್. ಮಂಗಳೂರಿನವಳು, ಶರ್ಮಿಳಾ ಜೊತೆ ತುಳುವಿನಲ್ಲೇ ಮಾತಾಡುವವಳು. ಆ ದಿನ ಮಾತ್ರ ಅವಳು ಕನ್ನಡ ಹಿಡಿದಳು.

"ನನ್ನ ಮೇಲೆ ಸಿಟ್ಟು ಮಾಡ್ಬೇಡಿ ಶರ್ಮಿಳಾ. ಬಿ.ಎಡ್ ಇಲ್ಲದ ಹನ್ನೊಂದು ಜನರಲ್ಲಿ ನಾಲ್ವರಿಗೆ ಮಾತ್ರ ಈ ದಾರಿ. ಉಳಿದವರಿಗೆ ಖಲಾಸ್."

"ಸಿಟ್ಟಿಲ್ಲ. ಪೆನ್ನು ಕೊಡಿ."

ತಯಾರಿ ಶುರುವಾಯಿತು. ಮೊದಲ ವಾರ ಶರ್ಮಿಳಾ ಮಕ್ಕಳಿಗೆ ಬರೀ ಹೇಳಿಕೊಟ್ಟಳು. ಯಾರಾದರೂ ಕೇಳಿದರೆ ನಮ್ಮ ಟೀಚರ್ ಹೆಸರು ಜರ್ಟ್ರೂಡ್ ಎನ್ನಬೇಕು ಎಂದಳು. ಮೂವತ್ತೆಂಟು ಮಕ್ಕಳು ತಲೆಯಾಡಿಸಿದರು, ಮರುಕ್ಷಣವೇ ಶರ್ಮಿಳಾ ಮ್ಯಾಮ್ ಟಾಯ್ಲೆಟ್ ಎಂದರು. ಮನೆಗೆ ಬಂದು ಮಾವನ ಎದುರು ಕೂತಾಗ ಅವರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

"ಹಾಗೆ ಆಗುದಿಲ್ಲ ಮಗಾ. ಹೇಳಿಕೊಟ್ಟದ್ದು ಆ ದಿನ ಮರೀತದೆ. ನಾನೂ ಹದಿನೈದು ದಿನ ಬರೀ ಹೇಳಿಕೊಟ್ಟದ್ದು, ಅದಕ್ಕೇ ಕೆಟ್ಟದ್ದು. ಇವತ್ತಿಂದ ನಿನ್ನ ಹೆಸರು ಹೇಳಿ ಕರೆದ ಮಗುವಿಗೆ ಉತ್ತರ ಕೊಡ್ಬೇಡ. ತಿರುಗಿಯೂ ನೋಡ್ಬೇಡ."

"ನೀರು ಕೇಳಿದ್ರೂ?"

"ನೀರು ಕೇಳಿದ್ರೂ."

ಇದನ್ನು ಹೇಳಿಕೊಟ್ಟವರು ಇಪ್ಪತ್ತು ವರ್ಷದ ಹುಡುಗನಾಗಿ ಹುಲ್ಲುಮಾಡಿನ ಕೆಳಗೆ ಸೋತವರು. ಅರವತ್ತು ವರ್ಷ ತಲೆಯಲ್ಲಿ ತಿರುಗಿಸಿ ತಿರುಗಿಸಿ ಎಲ್ಲಿ ತಪ್ಪಿತೆಂದು ಕಂಡುಹಿಡಿದಿದ್ದರು. ಅದು ಕೆಲಸ ಮಾಡಿತು. ಎರಡನೇ ವಾರಕ್ಕೆ ಮಕ್ಕಳ ಬಾಯಲ್ಲಿ ಜರ್ಟ್ರೂಡ್ ಮ್ಯಾಮ್ ಕೂತಿತು. ಮೂರನೇ ವಾರಕ್ಕೆ ನೋಟುಪುಸ್ತಕದ ಲೇಬಲ್ಲುಗಳಲ್ಲಿ ಬಂತು. ನಾಲ್ಕನೇ ವಾರ ಒಂದು ಹುಡುಗಿ ತನ್ನ ಹುಟ್ಟುಹಬ್ಬದ ಚಾಕಲೇಟಿನ ಜೊತೆ ಒಂದು ಚಿತ್ರ ಬರೆದು ತಂದಳು. ಶರ್ಮಿಳಾಳ ಜಡೆ, ಶರ್ಮಿಳಾಳ ಕನ್ನಡಕ, ನೀಲಿ ಅಂಚಿನ ಸೀರೆ, ಕೆಳಗೆ ಜರ್ಟ್ರೂಡ್. ಶರ್ಮಿಳಾ ಥ್ಯಾಂಕ್ಯೂ ಎಂದಳು, ಮಗುವಿನ ಕೆನ್ನೆ ಮುಟ್ಟಿದಳು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮನೆಯಲ್ಲಿ ಅಶ್ವಿತಾ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಟಿಫಿನ್ ಬಾಕ್ಸನ್ನು ತಾನೇ ತುಂಬಿಸಿಕೊಳ್ಳುತ್ತಿದ್ದಳು, ಅಂದರೆ ಕುಬ್ಬೂಸ್ ರೊಟ್ಟಿಗೆ ಜಾಮ್ ಹಚ್ಚಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಪಾತ್ರೆ ತೊಳೆಯುವ ಸರದಿಯ ಮೇಲೆ ಜಗಳ ಹತ್ತಿಕೊಂಡಿತು.

"ನಿನ್ನೆಯೂ ನಾನೇ ತೊಳೆದದ್ದು," ಎಂದಳು ಶರ್ಮಿಳಾ. "ಇವತ್ತು ನಿಂದು."

"ಜರ್ಟ್ರೂಡ್ ಹತ್ರ ಹೇಳು, ತೊಳೀತಾಳೆ."

ಪೃಥ್ವಿರಾಜ್ ಟೀವಿ ಬಿಟ್ಟು ಎದ್ದ. "ಎಂಥ ಹೇಳಿದೆ?"

"ಬಸ್ಸಲ್ಲಿ ಎಲ್ಲರಿಗೂ ಗೊತ್ತುಂಟು ಪಪ್ಪಾ. ನಿನ್ನ ಮಮ್ಮಿ ಆಯಾನಾ ಅಂತ ಕೇಳ್ತಾರೆ. ನಾನು ಎಂಥ ಹೇಳ್ಬೇಕು?"

"ಹೌದು ಅಂತ ಹೇಳು," ಎಂದ ಪೃಥ್ವಿರಾಜ್. ಹೆಂಡತಿಯತ್ತ ತಿರುಗಿ, "ಖುಷಿಯಾಯ್ತಾ? ನಾನು ಅವತ್ತೇ ಬೇಡ ಹೇಳಿದ್ದು," ಎಂದ.

"ಬೇಡ ಹೇಳ್ಲಿಕ್ಕೆ ಸುಲಭ. ನಿಮ್ಮ ಕಂಪನಿ ಫ್ಯಾಮಿಲಿಗೆ ಸೀಟು ತೆಗೆಸಿ ಕೊಡ್ತದಾ? ಕೊಡಿಸಿ. ನಾಳೆಯೇ ಬಿಡ್ತೇನೆ."

"ಎಂಟು ವರ್ಷದಲ್ಲಿ ಒಂದು ಬಿ.ಎಡ್ ಮಾಡ್ಲಿಕ್ಕೆ ಆಗ್ಲಿಲ್ಲ ನಿಂಗೆ!"

"ಮಾಡ್ತಿದ್ದೆ! ಈ ಮನೆಯ ಅನ್ನ ಬೇಯಿಸುದು ಜರ್ಟ್ರೂಡ್ ಆಗಿದ್ರೆ ಮಾಡ್ತಿದ್ದೆ!"

ಅಡಿಗೆಮನೆಯಿಂದ ಪಾತ್ರೆಗಳ ಸದ್ದು ಕೇಳಿಸಿತು. ಎಂಬತ್ತನಾಲ್ಕರ ಮುದುಕ ಮುಂಡು ಎತ್ತಿ ಕಟ್ಟಿಕೊಂಡು ಸಿಂಕಿನ ಎದುರು ನಿಂತು ತಟ್ಟೆ ಉಜ್ಜುತ್ತಿದ್ದರು. ಅಶ್ವಿತಾ ಹೋಗಿ ಅವರ ಕೈಯಿಂದ ಸ್ಪಂಜು ಕಿತ್ತುಕೊಂಡಳು.

ಇನ್‌ಸ್ಪೆಕ್ಷನ್ ಬುಧವಾರವೆಂದು ಗೊತ್ತಾಯಿತು. ಮಂಗಳವಾರ ಮಧ್ಯಾಹ್ನ ಅಶ್ವಿತಾ ಶಾಲೆಯಿಂದ ಬಂದವಳೇ ಶೂ ಕೂಡ ಬಿಚ್ಚದೆ ಅಜ್ಜನ ಮಂಚದ ತುದಿಯಲ್ಲಿ ಕೂತಳು. ಶರ್ಮಿಳಾ ಇನ್ನೂ ಬಂದಿರಲಿಲ್ಲ. ಟೀಚರುಗಳನ್ನು ಗೋಡೆಗೆ ಚಾರ್ಟು ಅಂಟಿಸಲು ನಿಲ್ಲಿಸಿಕೊಂಡಿದ್ದರು.

"ಅಜ್ಜ, ನಾಳೆ ಗೆಸ್ಟ್‌ಗಳನ್ನು ಕ್ಲಾಸ್‌ಗಳಿಗೆ ಕರ್ಕೊಂಡು ಹೋಗ್ಲಿಕ್ಕೆ ಎಂಟು ಪ್ರಿಫೆಕ್ಟ್‌ಗಳನ್ನು ಇಟ್ಟಿದ್ದಾರೆ. ನಂಗೆ ಫೋರ್ತ್ ಬಂದದ್ದು."

"ಅಂದ್ರೆ?"

"ಅಂದ್ರೆ ನಾನು ಫೋರ್ ಬಿ ಬಾಗಿಲಲ್ಲಿ ನಿಂತು, ದಿಸ್ ಈಸ್ ಮಿಸ್ ಜರ್ಟ್ರೂಡ್ ಅಂತ ಹೇಳ್ಬೇಕು. ಅಮ್ಮನಿಗೆ ಗೊತ್ತಿಲ್ಲ. ಬರ್ನಡೆಟ್ ಮ್ಯಾಮ್ ಹತ್ರ ಬೇರೆಯವರನ್ನು ಹಾಕಿ ಅಂದೆ. ಪ್ರಿನ್ಸಿಪಾಲ್ ಲಿಸ್ಟ್ ಮಾಡಿದ್ದು, ನಾನು ಎಂಥ ಮಾಡುದು ಅಂತ ಅವರೂ ಅತ್ತರು." ಅಶ್ವಿತಾ ಬ್ಯಾಗನ್ನು ನೆಲಕ್ಕೆ ಹಾಕಿದಳು. "ನಾನು ಹೇಳುದಿಲ್ಲ ಅಜ್ಜ. ಶೀ ಈಸ್ ಮೈ ಮದರ್ ಅಂತ ಹೇಳ್ತೇನೆ. ಆಗಿದ್ದಾಗ್ಲಿ."

ಚನಿಯ ಮೊಮ್ಮಗಳ ಶೂಗಳನ್ನು ನೋಡಿದರು. ಆಮೇಲೆ ಬಗ್ಗಿ ಅವಳ ಲೇಸು ಬಿಚ್ಚತೊಡಗಿದರು.

"ನಿಂಗೆ ದುಗ್ಗಜ್ಜಿ ಗೊತ್ತುಂಟಲ್ಲ ಪುಳ್ಳಿ?"

"ನಿಮ್ಮ ತಂಗಿ. ಬೀಡಿ ಕಟ್ಟುವವರು."

"ಅವಳಿಗೆ ಆಗ ಏಳು ವರ್ಷ. ನನ್ನ ಶಾಲೆಯಲ್ಲೇ ಇದ್ದದ್ದು. ಲೆಕ್ಕದಲ್ಲಿ ಭಾರೀ ಚುರುಕು. ಇನ್‌ಸ್ಪೆಕ್ಟರು ಬಂದ ದಿನ ಅಣ್ಣಪ್ಪಯ್ಯ ಮಾಸ್ಟ್ರು ಮೊದಲ ಸಲ ಒಳಗೆ ಬಂದ, ಮೈ ಒಟ್ಟು ಮಾಡಿ ನಿಂತ. ನಾನು ಗುಡಿಸುವ ಹಿಡಿಸೂಡಿ ಹಿಡಿದು ಹೊರಗೆ. ನಿಮ್ಮ ಮಾಸ್ಟ್ರ ಹೆಸರೇನು ಅಂತ ಕೇಳಿದ್ದಕ್ಕೆ ಇಪ್ಪತ್ತೈದು ಮಕ್ಕಳೂ ಅಣ್ಣಪ್ಪಯ್ಯ ಮಾಸ್ಟ್ರು ಅಂದರು. ಸರಿಯಾಗಿ ಹೇಳಿದರು. ಆಮೇಲೆ ಅವನು ದುಗ್ಗುವಿನ ಹತ್ರ ಒಂದು ಲೆಕ್ಕ ಮಾಡಿಸಿದ. ಬಾಯಲ್ಲೇ ಮಾಡಿದ್ಲು. ಭೇಷ್, ಇದನ್ನು ಯಾರು ಕಲಿಸಿದ್ದು ಅಂತ ಕೇಳಿದ."

"ಆಮೇಲೆ?"

"ಬೆರಳು ತೋರಿಸಿದ್ಲು. ಹೊರಗೆ, ನನ್ನ ಕಡೆ."

ಚನಿಯ ಎರಡನೇ ಕಾಲಿನ ಲೇಸಿಗೆ ಕೈ ಹಾಕಿದರು.

"ಗ್ರಾಂಟು ನಿಂತಿತು. ಧನಿ ಶಾಲೆಯ ಹುಲ್ಲು ಕಿತ್ತು ದನದ ಹಟ್ಟಿಗೆ ಹೊದಿಸಿದ. ಇಪ್ಪತ್ತೈದು ಮಕ್ಕಳೂ ಗದ್ದೆಗೆ, ಗುಡ್ಡೆಗೆ ಹೋದರು. ದುಗ್ಗುವಿಗೆ ಆಮೇಲೆ ಸ್ಲೇಟು ಸಿಗ್ಲೇ ಇಲ್ಲ. ಅವಳು ಹೇಳಿದ್ದು ಸತ್ಯವೇ. ಸತ್ಯದಿಂದ ಅವಳಿಗೆ ಎಂಥ ಸಿಕ್ಕಿತು? ನಾನು ಅವತ್ತು ಎಲ್ಲರ ಎದುರು ಅವಳ ಕೆನ್ನೆಗೆ ಹೊಡೆದೆ." ಅವರು ಎರಡನೇ ಶೂವನ್ನೂ ಬಿಚ್ಚಿ ಜೋಡಿಸಿ ಇಟ್ಟರು. "ನಾಳೆ ನೀನು ಬೆರಳು ತೋರಿಸ್ಬೇಡ. ನಿನ್ನ ಅಮ್ಮ ಪಾಠ ಮಾಡ್ಲಿ. ಅಷ್ಟು ಸಾಕು."

ಅಶ್ವಿತಾ ಆ ಸಂಜೆ ಅಮ್ಮ ಹೇಳದೆಯೇ ಪಾತ್ರೆ ತೊಳೆದಳು. ಅದನ್ನು ಕಂಡು ಶರ್ಮಿಳಾಗೆ ಇನ್ನಷ್ಟು ಭಯವಾಯಿತು.

ಬುಧವಾರ ಬೆಳಿಗ್ಗೆ ಶಾಲೆ ಗುರುತು ಸಿಗದಷ್ಟು ಚೊಕ್ಕಟವಾಗಿತ್ತು. ಅಕ್ಕಪಕ್ಕದ ಎರಡು ವಿಲ್ಲಾಗಳ ನಡುವಿನ ಗೋಡೆ ಒಡೆದು ಮಾಡಿದ ಶಾಲೆ ಅದು, ಮಲಗುವ ಕೋಣೆಗಳೇ ತರಗತಿಗಳು. ಫೋರ್ ಬಿ ಮೇಲಿನ ಅಂತಸ್ತಿನಲ್ಲಿತ್ತು. ಶರ್ಮಿಳಾ ನೀಲಿ ಅಂಚಿನ ಸೀರೆ ಉಟ್ಟು, ಜರ್ಟ್ರೂಡ್ ಎಂಬ ಬ್ಯಾಡ್ಜು ಚುಚ್ಚಿಕೊಂಡು, ಭಿನ್ನರಾಶಿಯ ಪಾಠ ತೆಗೆದಳು. ಪಾಠದಲ್ಲಿ ತಪ್ಪಾಗುವ ಭಯ ಅವಳಿಗಿರಲಿಲ್ಲ.

ಹತ್ತು ಗಂಟೆಗೆ ಬಾಗಿಲು ತೆರೆಯಿತು. ಮುಂದೆ ಅಶ್ವಿತಾ. ಬಿಳಿ ಕೈಗವಸು, ಎದೆಗೆ ಪ್ರಿಫೆಕ್ಟ್ ಪಟ್ಟಿ. ಅವಳ ಹಿಂದೆ ಕಪ್ಪು ಅಬಾಯಾ ತೊಟ್ಟ ಅಧಿಕಾರಿ ಹೆಂಗಸು, ಇನ್ನೊಬ್ಬ ಬರೆದುಕೊಳ್ಳುವವ, ಪ್ರಿನ್ಸಿಪಾಲ್, ಕೊನೆಯಲ್ಲಿ ತಲೆ ತಗ್ಗಿಸಿದ ಬರ್ನಡೆಟ್.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಶರ್ಮಿಳಾ ಎಲ್ಲ ಮುಗಿಯಿತು ಎಂದುಕೊಂಡಳು. ತನ್ನ ಮಗಳ ಬಾಯಿ ಅವಳಿಗೆ ಗೊತ್ತಿತ್ತು.

"ದಿಸ್ ಈಸ್ ಫೋರ್ ಬಿ, ಮ್ಯಾಮ್," ಎಂದಳು ಅಶ್ವಿತಾ. ದನಿ ಸ್ಪಷ್ಟವಾಗಿತ್ತು. "ದಿಸ್ ಈಸ್ ಮಿಸ್ ಜರ್ಟ್ರೂಡ್, ದ ಕ್ಲಾಸ್ ಟೀಚರ್."

"ಗುಡ್ ಮಾರ್ನಿಂಗ್, ಮಿಸ್ ಜರ್ಟ್ರೂಡ್," ಎಂದಳು ಅಧಿಕಾರಿ.

ಅವಳು ಒಳ್ಳೆಯ ಹೆಂಗಸು. ಮಕ್ಕಳ ಪುಸ್ತಕಗಳನ್ನು ತೆಗೆದು ಓದಿದಳು. ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದಳು. ನಿಮ್ಮ ಟೀಚರ್ ಯಾರು ಎಂದು ಕೇಳಿದ್ದಕ್ಕೆ ಮೂವತ್ತೆಂಟು ಮಕ್ಕಳೂ ಒಂದೇ ದನಿಯಲ್ಲಿ ಉತ್ತರಿಸಿದರು. ಹೊರಡುವಾಗ ಅವಳು ಅಶ್ವಿತಾಳ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲೇ ಕೇಳಿದಳು.

"ನಿನಗೂ ಇವರೇ ಕಲಿಸಿದ್ದಾ?"

ಬರ್ನಡೆಟ್ ಕಣ್ಣು ಮುಚ್ಚಿಕೊಂಡಳು. ಅಶ್ವಿತಾಳ ಬಲಗೈ ಸ್ವಲ್ಪ ಮೇಲೆದ್ದಿತು. ಆಮೇಲೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೋ, ಮ್ಯಾಮ್," ಎಂದಳು. "ಐ ಡೋಂಟ್ ನೋ ಹರ್ ವೆಲ್."

ಬಾಗಿಲು ಮುಚ್ಚಿತು. ಶರ್ಮಿಳಾ ಬೋರ್ಡಿನತ್ತ ತಿರುಗಿ ಮುಂದಿನ ಲೆಕ್ಕ ಬರೆದಳು.

ಮಧ್ಯಾಹ್ನ ಬರ್ನಡೆಟ್ ಸ್ಟಾಫ್ ರೂಮಿಗೆ ಓಡಿಬಂದು, ಅಧಿಕಾರಿಗಳಿಗೆ ಫೋರ್ ಬಿ ಭಾರೀ ಇಷ್ಟವಾಯಿತು, ವರದಿಯಲ್ಲಿ ಮಿಸ್ ಜರ್ಟ್ರೂಡ್ ಅವರ ಹೆಸರನ್ನು ವಿಶೇಷವಾಗಿ ಬರೆದಿದ್ದಾರೆ ಎಂದಳು. ನಾಲ್ವರಿಗೂ ಏನೂ ತೊಂದರೆಯಿಲ್ಲ, ಮುಂದಿನ ವರ್ಷವೂ ಹೀಗೆಯೇ ನಡೆಯಲಿ ಎಂದು ಪ್ರಿನ್ಸಿಪಾಲ್ ಹೇಳಿದರಂತೆ. ಶರ್ಮಿಳಾ ಬ್ಯಾಡ್ಜು ಬಿಚ್ಚಿ ಕೊಡಲು ಹೋದಳು.

"ಇಟ್ಕೊಳ್ಳಿ," ಎಂದಳು ಬರ್ನಡೆಟ್. "ಇನ್ನು ದಿನಾ ಬೇಕಾಗ್ತದಲ್ಲ."

ತಾಯಿ ಮಗಳು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಬಂದರು. ಅರ್ಧ ದಾರಿಯಲ್ಲಿ ಶರ್ಮಿಳಾ ಮಗಳ ಕೈ ಹಿಡಿದಳು. ಅಶ್ವಿತಾ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಪೃಥ್ವಿರಾಜ್ ಆ ದಿನ ಆಫೀಸಿನಿಂದ ಬೇಗ ಬಂದಿದ್ದ. ಸಿಟ್ಟೆಲ್ಲ ಇಳಿದು, ಹೋಟೆಲಿನಿಂದ ಬಿರಿಯಾನಿ ಕಟ್ಟಿಸಿ ತಂದಿದ್ದ. ಪ್ಲಾಸ್ಟಿಕ್ ಹಾಳೆ ಹಾಸಿ ಕಾಯುತ್ತಿದ್ದ. ಚನಿಯ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ.

"ಎಂಥಾಯ್ತು?"

"ಪಾಸ್," ಎಂದಳು ಶರ್ಮಿಳಾ. "ಎಲ್ಲ ಸರಿಯಾಯ್ತು. ಸೀಟು ಉಂಟು, ಕೆಲಸ ಉಂಟು."

"ಅಲ್ವಾ? ನಾನು ಹೇಳಿದ್ದಲ್ವಾ?" ಎಂದ ಪೃಥ್ವಿರಾಜ್. ಅವನು ಹೇಳಿರಲಿಲ್ಲ. "ಕೈ ತೊಳೆದು ಬನ್ನಿ, ಆರ್ತದೆ."

ಚನಿಯ ಮಂಚದ ಮೇಲಿಂದ ಸೊಸೆಯನ್ನೇ ನೋಡುತ್ತಿದ್ದರು. "ಮಕ್ಕಳು ಎಂಥ ಹೇಳಿದ್ರು?"

"ನೀವು ಹೇಳಿಕೊಟ್ಟ ಹಾಗೆಯೇ ಮಾವ. ಜರ್ಟ್ರೂಡ್ ಮ್ಯಾಮ್."

"ಎಲ್ಲರೂ?"

"ಎಲ್ಲರೂ."

"ಯಾರೂ ಬೆರಳು ತೋರಿಸ್ಲಿಲ್ವಾ?"

"ಇಲ್ಲ ಮಾವ."

"ಒಂದು ಮಗುವೂ?"

ಆ ದನಿ ಕೇಳಿ ಶರ್ಮಿಳಾ ಗಾಬರಿಯಾದಳು. ಮಾವನಿಗೆ ಸಂತೋಷವಾಗಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

"ಇಲ್ಲ ಅಜ್ಜ," ಎಂದಳು ಅಶ್ವಿತಾ. "ನಾನೂ ತೋರಿಸ್ಲಿಲ್ಲ. ಅಮ್ಮನನ್ನು ನಂಗೆ ಸರಿಯಾಗಿ ಗೊತ್ತೇ ಇಲ್ಲ ಅಂದೆ. ನೀವು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ."

ಚನಿಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಪೃಥ್ವಿರಾಜ್ ಬಿರಿಯಾನಿಯ ಪೊಟ್ಟಣ ಬಿಚ್ಚುತ್ತಿದ್ದವನು ಅಲ್ಲೇ ನಿಂತ.

"ಅಪ್ಪಾ, ಎಂಥ ಆಗ್ತದೆ? ಎದೆ ನೋವಾ?"

"ದುಗ್ಗುವಿಗೆ ಫೋನು ಮಾಡು."

"ಈಗ? ಊಟ ಮಾಡಿ ಆಮೇಲೆ..."

"ಈಗ ಮಾಡು."

ಪೃಥ್ವಿರಾಜ್ ಊರಿಗೆ ಫೋನು ಹಚ್ಚಿ, ಅಪ್ಪನಿಗೆ ಕಿವಿಗಿಟ್ಟುಕೊಳ್ಳಲು ಬರುವುದಿಲ್ಲವೆಂದು ಸ್ಪೀಕರಿಗೆ ಹಾಕಿ ಹಾಳೆಯ ಮೇಲೆ ಇಟ್ಟ. ಅಲ್ಲಿ ಯಾರೋ ಮಕ್ಕಳು ಎತ್ತಿದರು, ಅಜ್ಜಿಯನ್ನು ಕೂಗಿದರು. ಬೀಡಿ ಎಲೆಯ ಮೊರ ಕೆಳಗಿಟ್ಟು ಬಂದಿರಬೇಕು, ಎಪ್ಪತ್ತರ ದುಗ್ಗುವಿನ ದನಿ ಏದುಸಿರಿನೊಡನೆ ಬಂತು.

"ಅಣ್ಣಾ? ಹುಷಾರುಂಟಾ? ಅಲ್ಲಿ ಗಂಜಿ ಸಿಗ್ತದಾ?"

"ಸಿಗ್ತದೆ. ದುಗ್ಗು, ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ನೆನಪುಂಟಾ ನಿಂಗೆ?"

ಹಿಂದೆ ಕೋಳಿಯೊಂದು ಕ್ಕೊ ಕ್ಕೊ ಎನ್ನುತ್ತಿತ್ತು.

"ಅದನ್ನು ಈಗ ಯಾಕೆ ತೆಗೀತಿ? ಶಾಲೆ ಹೋದದ್ದು ನನ್ನ ಬಾಯಿಂದ ಅಂತ ಗೊತ್ತುಂಟು. ನನ್ನ ಮಕ್ಕಳಿಗೂ, ಅವರ ಮಕ್ಕಳಿಗೂ ಹೇಳಿದ್ದೇನೆ, ದೊಡ್ಡವರು ಎಂಥ ಕೇಳಿದ್ರೂ ಗೊತ್ತಿಲ್ಲ ಹೇಳಿ ಅಂತ."

"ಅಲ್ಲ ದುಗ್ಗು. ನೀನು ಸರಿಯೇ ಹೇಳಿದ್ದು. ಕಲಿಸಿದವ ನಾನೇ. ಸರ್ಕಾರದ ಎದುರು ನಿಂತು ನನ್ನನ್ನು ಮಾಸ್ಟ್ರು ಅಂತ ಹೇಳಿದವಳು ನೀನೊಬ್ಬಳೇ. ಬೇರೆ ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಪೃಥ್ವಿರಾಜ್ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

ದುಗ್ಗುವಿನ ದನಿಯಲ್ಲಿ ಸಿಟ್ಟಿರಲಿಲ್ಲ. ಏಳು ವರ್ಷದ ಹುಡುಗಿ ಕೇಳಬಹುದಾಗಿದ್ದ ಹಾಗೆ ಕೇಳಿದಳು.

"ಮತ್ತೆ ಯಾಕೆ ಹೊಡೆದದ್ದು ಅಣ್ಣ?"

ಚನಿಯ ಬಾಯಿ ತೆರೆದರು. ಅಲ್ಲಿ ದುಗ್ಗು ಕಾದಳು, ಇಲ್ಲಿ ಮೂವರೂ ಕಾದರು. ಕೊನೆಗೆ ಅವಳೇ, "ಆಯ್ತು ಬಿಡು, ಉಣ್ಣು ಹೋಗು, ದುಡ್ಡು ಓಡ್ತದೆ," ಎಂದು ಫೋನು ಇಟ್ಟಳು.

ಅಶ್ವಿತಾ ಎದ್ದು ಅಜ್ಜನ ತಟ್ಟೆಗೆ ಅನ್ನ ಬಡಿಸಿದಳು. ಆಮೇಲೆ ಅಮ್ಮನ ತಟ್ಟೆಗೆ ಬಡಿಸಿದಳು. ಬಡಿಸುವಾಗ ಅಮ್ಮನ ಸೀರೆಯ ಹೆಗಲ ಮೇಲೆ ಆ ಬ್ಯಾಡ್ಜು ಇನ್ನೂ ಹಾಗೆಯೇ ಇದ್ದದ್ದು ಕಣ್ಣಿಗೆ ಬಿತ್ತು. ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಿಂದ ಪಿನ್ನು ಬಿಚ್ಚಲು ನೋಡಿದಳು. ಬರಲಿಲ್ಲ.

"ಇರ್ಲಿ ಬಿಡು," ಎಂದಳು ಶರ್ಮಿಳಾ. "ನಾಳೆ ಹೇಗೂ ಹಾಕ್ಬೇಕು."